ಯಾವ ಲೆಕ್ಕಕ್ಕ ಚಲೋ?

ದಶಲಕ್ಷಣ ಪರ್ವದಲ್ಲಿ ತತ್ತ್ವಾರ್ಥ ಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದುವುದು ಜೈನರಾದ ನಮ್ಮ ರೂಢಿ. ಐದನೇ ದಿನ ಅಜೀವದ ಪಾಳಿ. ಸ್ನಿಗ್ಧ, ರೂಕ್ಷ ಗುಣಗಳಿಂದ ಪರಮಾಣುಗಳು ತಾವಾಗಿಯೇ ಬೆಸೆದು ಸ್ಕಂಧವಾಗುತ್ತವೆ ಎನ್ನುತ್ತಾನೆ ಸೂತ್ರಕಾರ ಉಮಾಸ್ವಾತಿ; ಅಂದರೆ ಬೆಸೆಯಲು ದೇವರು ಬೇಕಿಲ್ಲ. ಅದನ್ನು ಕೇಳಿ ನಿಪ್ಪಾಣಿಯ ಮನೆಗೆ ಬಂದರೆ, ಹಬ್ಬಕ್ಕೆಂದು ಬಂದ ಮಗಳು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಪರಮಾಣುಗಳನ್ನೇ ಕೂಡಿಸುತ್ತಿದ್ದಳು!

ಪ್ಲಾಟಿನಂ ಮೇಲ್ಮೈಯಲ್ಲಿ 100 ಜಾಗ. ಒಂದೊಂದರಲ್ಲೂ ಪರಮಾಣು ಇರಬೇಕೋ, ಖಾಲಿ ಬಿಡಬೇಕೋ? ಫ್ಯುಯೆಲ್ ಸೆಲ್‌ನಲ್ಲಿ ಆಮ್ಲಜನಕದ ಕ್ರಿಯೆ ಚುರುಕಾಗಬೇಕು, ಮೇಲ್ಮೈ ಕುಸಿಯಬಾರದು. ಸಾಧ್ಯವಿರುವ ಜೋಡಣೆಗಳ ಸಂಖ್ಯೆಗೆ 31 ಅಂಕಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಮ್ಯಾಟ್‌ಆಪ್ಟ್ ಎಂಬ ತಂತ್ರಾಂಶ ಇದನ್ನೆಲ್ಲ ಸಮೀಕರಣವಾಗಿಸಿ ಸಾಲ್ವರ್‌ಗೆ ಒಪ್ಪಿಸುತ್ತದಂತೆ. ಲೆಕ್ಕ ಬಿಡಿಸುವ ಈ ಸಾಲ್ವರ್ ಜೋಡಣೆಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ಐಲ್ಸಾ ಲ್ಯಾಂಡ್, ಆಲಿಸನ್ ಡಾಯ್ಗ್ ಎಂಬಿಬ್ಬರು ಹೆಣ್ಣುಮಕ್ಕಳು 1960ರಲ್ಲಿ ತೋರಿಸಿದ ದಾರಿ ಅದರದು: ಕೈಲಿರುವುದಕ್ಕಿಂತ ಒಳ್ಳೆಯದು ಸಿಗಲಾರದ ಕೊಂಬೆಯನ್ನು ಹತ್ತದೆಯೇ ಕಡಿದುಹಾಕುವುದು. ಕೈಲಿರುವುದಕ್ಕೂ ಇನ್ನೂ ಸಿಗಬಹುದಾದ ಒಳ್ಳೆಯದರ ಮಿತಿಗೂ ನಡುವೆ ಉಳಿದ ಅಂತರವೇ ‘ಗ್ಯಾಪ್’.

ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ಎದ್ದಾಗ ಮಗಳು ಕೂಗಿದಳು: “ಅಪ್ಪಾ, ಗ್ಯಾಪ್ ಸೊನ್ನೆ ಆತು. ಇದಕ್ಕಿಂತ ಚಲೋದು ಇಲ್ಲೇ ಇಲ್ಲ!”

“ಯಾವ ಲೆಕ್ಕಕ್ಕ ಚಲೋ?”

“ನಾ ಬರದ ಲೆಕ್ಕಕ್ಕ.”

ಆ ಉತ್ತರ ನನಗೆ ನನ್ನ ವಖಾರಿಯನ್ನು ನೆನಪಿಸಿತು. ಮೂವತ್ತು ವರ್ಷ ಬೀಡಿ ತಂಬಾಕು ಮಾರಿದವನು ನಾನು. (ಜೈನನಾಗಿ ತಂಬಾಕೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ.) ಖಾತೆಯಲ್ಲಿ ತೂಕ, ದರ್ಜೆ, ದರ ಮೂರಕ್ಕೂ ಕಲಮು ಇದ್ದವು. ಮೂಗಿಗೆ ಸೆರಗು ಬಿಗಿದು ಜರಡಿ ಹಿಡಿಯುತ್ತಿದ್ದ ಹೆಂಗಸರ ಕೆಮ್ಮಿಗೆ ಕಲಮು ಇರಲಿಲ್ಲ. ಕೂಡಿಸಿದ ಲೆಕ್ಕ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ.

ಸ್ಯಾದ್ವಾದದ ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂಬ ಅನುಮಾನ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಒಂದು ನಯದಿಂದ, ಒಂದು ದಿಕ್ಕಿನಿಂದ ನೋಡಿದರೆ ಖಂಡಿತ ಹೀಗೆ ಎಂದು ಅದರರ್ಥ. ಮಗಳ ಸೊನ್ನೆಯಲ್ಲೂ ಅನುಮಾನವಿಲ್ಲ, ಅದು ಸಿದ್ಧವಾದ ಸತ್ಯ. ಆದರೆ ಆ ನಯವನ್ನು ಯಂತ್ರ ಆರಿಸಿಲ್ಲ, ಬರೆದವಳು ಆರಿಸಿದ್ದು. ನನ್ನ ಖಾತೆಯ ಕಲಮುಗಳನ್ನು ಆರಿಸಿದವನೂ ನಾನೇ. ಸ್ಯಾತ್ ಬಿಟ್ಟು ‘ಇದೇ ಚಲೋ’ ಎಂದಾಗಲೇ ತಪ್ಪು ಹುಟ್ಟುತ್ತದೆ.

ಮರುದಿನ ಬೆಳಿಗ್ಗೆ ಅವಳು ಮೇಲ್ಮೈ ಇನ್ನಷ್ಟು ಗಟ್ಟಿಯಿರಬೇಕೆಂದು ಷರತ್ತು ಬಿಗಿ ಮಾಡಿದಳು. ಹಿಂದಿನ ದಿನದ ವಿನ್ಯಾಸ ಬಿದ್ದುಹೋಯಿತು, ಬೇರೆಯದು ಬಂತು. ಅದಕ್ಕೂ ಗ್ಯಾಪ್ ಸೊನ್ನೆಯೇ.