ಮಗು ತನ್ನನ್ನು ಯಾವ ಬಣ್ಣದಲ್ಲಿ ಬಿಡಿಸಬೇಕು?

ನನ್ನ ತಂಗಿಯ ಮಗಳು ಎರಡನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ತಾನು ಬಿಡಿಸಿದ ಚಿತ್ರವನ್ನು ತಂದು ನನ್ನ ಮುಂದೆ ಹಿಡಿದಳು. ಎರಡು ಬೆಟ್ಟ, ನಡುವೆ ಉದಯಿಸುವ ಸೂರ್ಯ, ಬೆಟ್ಟದ ಬುಡದಿಂದ ಹಾವಿನಂತೆ ಹರಿದು ಬರುವ ನದಿ, ದಡದಲ್ಲೊಂದು ತೆಂಗಿನಮರ, ಅದರ ಪಕ್ಕದಲ್ಲಿ ಹೊಗೆಕೊಳವೆಯಿರುವ ಮನೆ, ಆಕಾಶದಲ್ಲಿ ನಾಲ್ಕು ಹಕ್ಕಿ. ಈ ಚಿತ್ರವನ್ನು ನೀವೂ ನೋಡಿದ್ದೀರಿ. ಬಹುಶಃ ನೀವೂ ಬಿಡಿಸಿದ್ದೀರಿ. ನಾನಂತೂ ಶಾಲೆಯಲ್ಲಿ ಇದನ್ನೇ ಬಿಡಿಸಿ ಹತ್ತಕ್ಕೆ ಎಂಟು ಅಂಕ ಪಡೆದವನು.

ಆದರೆ ಅವಳ ಮನೆಯಿರುವುದು ಉಳ್ಳಾಲದ ಕಡಲ ತೀರದಲ್ಲಿ. ಅಂಗಳದಲ್ಲಿ ನಿಂತರೆ ಬೆಟ್ಟ ಕಾಣುವುದಿಲ್ಲ. ಅವಳು ದಿನವೂ ನೋಡುವ ಸೂರ್ಯ ಕಡಲಿಗೆ ಇಳಿಯುವ ಸೂರ್ಯ. ಮನೆಯೂ ತಾರಸಿಯದು. ಹೊಗೆಕೊಳವೆಯ ಮಾತಂತೂ ಇಲ್ಲವೇ ಇಲ್ಲ. "ಇದು ಯಾರ ಮನೆ?" ಎಂದು ಕೇಳಿದೆ. "ಚಿತ್ರದ ಮನೆ" ಎಂದಳು. "ನಿಮ್ಮ ಮನೆಯನ್ನೇ ಬಿಡಿಸಬಹುದಿತ್ತಲ್ಲ?" ಎಂದೆ. ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂಬಂತೆ ನನ್ನ ಮುಖ ನೋಡಿ ಹೇಳಿದಳು: "ನಮ್ಮ ಮನೆಯಲ್ಲಿ ಬಿಡಿಸಲಿಕ್ಕೆ ಏನುಂಟು ಮಾಮ?"

ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮಕ್ಕಳಲ್ಲಿ ಸೃಜನಶೀಲತೆ ಬೆಳೆಯಬೇಕು, ಅವರು ತಮ್ಮನ್ನು ತಾವು ಅಭಿವ್ಯಕ್ತಿಸಿಕೊಳ್ಳಬೇಕು ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಅದಕ್ಕಾಗಿ ಬಣ್ಣದ ಪೆಟ್ಟಿಗೆ ಕೊಡಿಸುತ್ತೇವೆ, ಬೇಸಿಗೆ ಶಿಬಿರಕ್ಕೆ ಕಳುಹಿಸುತ್ತೇವೆ. ಆದರೆ ತನ್ನನ್ನು ವ್ಯಕ್ತಪಡಿಸಬೇಕಾದರೆ ತನ್ನದು ಎಂಬುದೊಂದು ಇದೆ, ಅದು ಕಾಗದದ ಮೇಲೆ ಬರಲು ಯೋಗ್ಯವಾದುದು ಎಂಬ ನಂಬಿಕೆ ಮೊದಲು ಬೇಕಲ್ಲವೇ? ಆ ನಂಬಿಕೆ ಎಲ್ಲಿಂದ ಬರುತ್ತದೆ? ಅಕ್ಷರ ಕಲಿಯುವ ಮೊದಲೇ ಮಗು ಚಿತ್ರವನ್ನು ಓದುತ್ತದೆ. ಯಾವುದು ಚಿತ್ರಕ್ಕೆ ತಕ್ಕದ್ದು, ಯಾವುದು ಅಲ್ಲ ಎಂಬುದನ್ನು ಅದು ನಮ್ಮ ಉಪದೇಶದಿಂದಲ್ಲ, ಪುಸ್ತಕದ ಪುಟಗಳಿಂದಲೇ ಕಲಿತುಬಿಟ್ಟಿರುತ್ತದೆ. 1658ರಲ್ಲಿ ಕಮೀನಿಯಸ್ ಎಂಬ ಶಿಕ್ಷಣತಜ್ಞ ಕಣ್ಣಿಗೆ ಕಾಣುವ ಲೋಕವನ್ನು ಚಿತ್ರಗಳಲ್ಲಿ ತೋರಿಸಿ ಹೆಸರುಗಳನ್ನು ಕಲಿಸುವ ಪುಸ್ತಕವನ್ನು ಮಕ್ಕಳಿಗೆಂದು ಪ್ರಕಟಿಸಿದ. ಮಕ್ಕಳ ಚಿತ್ರಪುಸ್ತಕದ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದ ಆರಂಭಿಸುತ್ತಾರೆ. ಲೋಕವೆಂದರೆ ಇದು ಎಂದು ತೋರಿಸುವವನು ಲೋಕವಲ್ಲದ್ದು ಯಾವುದು ಎಂಬುದನ್ನೂ ಮೌನವಾಗಿ ಹೇಳುತ್ತಿರುತ್ತಾನೆ. ಪ್ರಶ್ನೆ ನೀತಿಯದ್ದಾಗುವುದು ಇಲ್ಲಿಯೇ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉದಾಹರಣೆ ಅಮೆರಿಕದ್ದು. ಎಜ್ರಾ ಜ್ಯಾಕ್ ಕೀಟ್ಸ್ 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಹೆತ್ತವರು ಪೋಲೆಂಡಿನಿಂದ ವಲಸೆ ಬಂದ ಬಡ ಯಹೂದಿಗಳು. ಮೊದಲಿನ ಹೆಸರು ಜೇಕಬ್ ಎಜ್ರಾ ಕಾಟ್ಜ್. ಯಹೂದಿಗಳ ಬಗ್ಗೆ ಅಂದು ಅಲ್ಲಿದ್ದ ದ್ವೇಷದ ಕಾರಣದಿಂದ ಎರಡನೆಯ ಮಹಾಯುದ್ಧದ ನಂತರ ಹೆಸರು ಬದಲಿಸಿಕೊಂಡರು. ಬದುಕಬೇಕಾದರೆ ತನ್ನ ಹೆಸರನ್ನೇ ಮರೆಸಬೇಕಾಗಿ ಬರುವುದೆಂದರೇನು ಎಂಬುದು ಅವರಿಗೆ ಗೊತ್ತಿತ್ತು.

ಅವರ ತಂದೆ ಒಂದು ಹೋಟೆಲಿನಲ್ಲಿ ಸರ್ವರ್ ಆಗಿದ್ದರು. ಮಗ ಚಿತ್ರ ಬಿಡಿಸುವುದು ಅವರಿಗೆ ಇಷ್ಟವಿರಲಿಲ್ಲ, ಚಿತ್ರಕಾರರು ಹಸಿವಿನಿಂದ ಸಾಯುತ್ತಾರೆ ಎಂಬ ಭಯ. ಆದರೂ ಆಗಾಗ ಬಣ್ಣದ ಟ್ಯೂಬುಗಳನ್ನು ಮನೆಗೆ ತರುತ್ತಿದ್ದರು. ಯಾರೋ ಹಸಿದ ಚಿತ್ರಕಾರ ಒಂದು ಬಟ್ಟಲು ಸೂಪಿಗೆ ಬದಲಾಗಿ ಕೊಟ್ಟುಹೋದ ಎಂದು ನೆಪ ಹೇಳುತ್ತಿದ್ದರಂತೆ. ಬಣ್ಣವನ್ನೂ ಕೊಟ್ಟಂತಾಯಿತು, ಎಚ್ಚರಿಕೆಯನ್ನೂ ಕೊಟ್ಟಂತಾಯಿತು! 1935ರಲ್ಲಿ ತಂದೆ ತೀರಿಕೊಂಡಾಗ ಅವರ ಪರ್ಸನ್ನು ಬಿಡಿಸಿ ನೋಡಿದ ಮಗನಿಗೆ ಅದರೊಳಗೆ ಸವೆದುಹೋದ ಪತ್ರಿಕಾ ತುಣುಕುಗಳು ಸಿಕ್ಕವು. ಎಲ್ಲವೂ ಮಗನಿಗೆ ಚಿತ್ರಕಲೆಯಲ್ಲಿ ಬಂದ ಬಹುಮಾನಗಳ ಸುದ್ದಿ. ನಮ್ಮ ನಡುವೆಯೂ ಇಂತಹ ತಂದೆಯಂದಿರು ಕಡಿಮೆಯೇನಿಲ್ಲ. ಮೆಚ್ಚುಗೆಯನ್ನು ಕಿಸೆಯಲ್ಲಿ ಬಚ್ಚಿಟ್ಟು ಗದರಿಕೆಯನ್ನು ಮಾತ್ರ ಹೊರಗೆ ತೆಗೆಯುವವರು.

1940ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಒಬ್ಬ ಪುಟ್ಟ ಕರಿಯ ಹುಡುಗನ ಕೆಲವು ಫೋಟೋಗಳು ಅಚ್ಚಾಗಿದ್ದವು. ರಕ್ತಪರೀಕ್ಷೆಗೆಂದು ಸೂಜಿ ಚುಚ್ಚಿಸಿಕೊಳ್ಳುವ ಮುನ್ನ ಮತ್ತು ನಂತರದ ಅವನ ಮುಖಭಾವಗಳು. ಕೀಟ್ಸ್ ಅವನ್ನು ಕತ್ತರಿಸಿಟ್ಟುಕೊಂಡರು. ಸುಮಾರು ಇಪ್ಪತ್ತು ವರ್ಷ ಅವು ಅವರ ಬಳಿಯಿದ್ದವು. ಈ ನಡುವೆ ಅವರು ಬೇರೆ ಲೇಖಕರ ಅನೇಕ ಪುಸ್ತಕಗಳಿಗೆ ಚಿತ್ರ ಬರೆದರು. ಅವುಗಳಲ್ಲಿ ಒಂದರಲ್ಲೂ ಕರಿಯ ಮಗು ಕಥಾನಾಯಕನಾಗಿರಲಿಲ್ಲ. ಕೊನೆಗೆ 1962ರಲ್ಲಿ, ತಾವೇ ಪೂರ್ತಿಯಾಗಿ ಬರೆದು ಚಿತ್ರಿಸಿದ ಮೊದಲ ಪುಸ್ತಕ 'ದಿ ಸ್ನೋಯಿ ಡೇ'ಯಲ್ಲಿ ಅವರು ಆ ಹುಡುಗನಿಗೆ ಪೀಟರ್ ಎಂದು ಹೆಸರಿಟ್ಟು ಕೆಂಪು ಅಂಗಿ ತೊಡಿಸಿ ಹಿಮದಲ್ಲಿ ಆಡಲು ಬಿಟ್ಟರು.

ಕಥೆ ಇಷ್ಟೇ. ಬೆಳಿಗ್ಗೆ ಎದ್ದಾಗ ಊರೆಲ್ಲ ಹಿಮ. ಪೀಟರ್ ಹೊರಗೆ ಹೋಗಿ ಹೆಜ್ಜೆ ಮೂಡಿಸುತ್ತಾನೆ, ಕೋಲಿನಿಂದ ಗೆರೆ ಎಳೆಯುತ್ತಾನೆ, ಹಿಮದ ಮನುಷ್ಯನನ್ನು ಮಾಡುತ್ತಾನೆ. ನಾಳೆಗೆಂದು ಒಂದು ಹಿಮದುಂಡೆಯನ್ನು ಜೇಬಿನಲ್ಲಿಟ್ಟು ಮನೆಗೆ ತರುತ್ತಾನೆ. ಮಲಗುವ ಮುನ್ನ ನೋಡಿದರೆ ಜೇಬು ಖಾಲಿ. ಮಗುವಿಗೆ ದುಃಖವಾಗುತ್ತದೆ. ಮರುದಿನ ಎದ್ದರೆ ಮತ್ತೆ ಹಿಮ ಬೀಳುತ್ತಿರುತ್ತದೆ, ಗೆಳೆಯನೊಡನೆ ಹೊರಗೆ ಹೋಗುತ್ತಾನೆ. ಅವನು ಕರಿಯ ಎಂಬ ಮಾತು ಇಡೀ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಯಾವ ಅನ್ಯಾಯವನ್ನೂ ಅವನು ಎದುರಿಸುವುದಿಲ್ಲ, ಯಾರಿಗೂ ಸೌಹಾರ್ದದ ಪಾಠ ಹೇಳುವುದಿಲ್ಲ. ಸುಮ್ಮನೆ ಆಡುತ್ತಾನೆ.

ಪುಸ್ತಕಕ್ಕೆ 1963ರಲ್ಲಿ ಅಮೆರಿಕದಲ್ಲಿ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಪದಕ ಬಂತು. ಅದಕ್ಕಿಂತ ದೊಡ್ಡ ಬಹುಮಾನ ಒಬ್ಬ ಶಿಕ್ಷಕರು ಬರೆದ ಪತ್ರ. ಅವರ ತರಗತಿಯ ಕರಿಯ ಮಕ್ಕಳು ಅಲ್ಲಿಯವರೆಗೆ ತಮ್ಮ ಚಿತ್ರ ಬಿಡಿಸುವಾಗ ಗುಲಾಬಿ ಬಣ್ಣವನ್ನೇ ಬಳಿಯುತ್ತಿದ್ದರಂತೆ. ಈ ಪುಸ್ತಕ ಬಂದ ಮೇಲೆ ಮೊದಲ ಬಾರಿಗೆ ಕಂದು ಬಣ್ಣದ ಕಡ್ಡಿಯನ್ನು ಕೈಗೆತ್ತಿಕೊಂಡರು.

ನಾವು ಸ್ವಲ್ಪ ನಿಂತು ಯೋಚಿಸಬೇಕಾದ ವಿಷಯ ಇದು. ಕಂದು ಕಡ್ಡಿ ಪೆಟ್ಟಿಗೆಯಲ್ಲಿ ಮೊದಲೂ ಇತ್ತು. ಮರದ ಕಾಂಡಕ್ಕೆ, ನಾಯಿಗೆ, ಮಣ್ಣಿಗೆ ಅದನ್ನು ಬಳಸುತ್ತಲೂ ಇದ್ದಿರಬೇಕು. ತಮಗೆ ಬಳಸಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಏಕೆಂದರೆ ಪುಸ್ತಕದ ಮಕ್ಕಳೆಲ್ಲ ಗುಲಾಬಿ ಬಣ್ಣದವರು. ಅಮೆರಿಕದ ಪ್ರಸಿದ್ಧ ಬಣ್ಣದ ಕಡ್ಡಿಯ ಕಂಪೆನಿ ಕ್ರೇಯೋಲಾ ತನ್ನ ಒಂದು ತಿಳಿ ಬಣ್ಣಕ್ಕೆ 'ಚರ್ಮ' ಎಂಬರ್ಥದ ಹೆಸರಿಟ್ಟಿತ್ತು. ಅದನ್ನು 'ಪೀಚ್' ಎಂದು ಬದಲಿಸಿದ್ದೂ ಅದೇ 1962ರಲ್ಲಿ. ನಮ್ಮಲ್ಲಿ? ನಮ್ಮ ಮಕ್ಕಳು ಪಕ್ಕದ ಬೆಂಚಿನವರಿಂದ 'ಸ್ಕಿನ್ ಕಲರ್' ಎಂದು ಕೇಳಿ ಪಡೆಯುವ ಬಣ್ಣ ಯಾವುದು, ಅದು ತರಗತಿಯಲ್ಲಿರುವ ಎಷ್ಟು ಮಕ್ಕಳ ಚರ್ಮಕ್ಕೆ ಹೊಂದುತ್ತದೆ ಎಂದು ಒಮ್ಮೆ ನೋಡಿ.

ಕೀಟ್ಸ್‌ಗೆ ಹೊಗಳಿಕೆಯಷ್ಟೇ ಸಿಗಲಿಲ್ಲ. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ ಒಂದು ಮಹತ್ವದ ಲೇಖನ ಬರೆದರು. 1962ರಿಂದ 64ರವರೆಗೆ ಪ್ರಕಟವಾದ 5,206 ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದು, ಕೇವಲ 349ರಲ್ಲಿ ಮಾತ್ರ, ಅಂದರೆ ಶೇ. 6.7ರಲ್ಲಿ, ಒಬ್ಬರಾದರೂ ಕರಿಯರು ಕಾಣಿಸಿಕೊಂಡಿದ್ದಾರೆ ಎಂದು ತೋರಿಸಿದರು. ಅದೇ ಲೇಖನದಲ್ಲಿ ಅವರು 'ದಿ ಸ್ನೋಯಿ ಡೇ'ಯನ್ನೂ ಬಿಡಲಿಲ್ಲ. ಪೀಟರನ ತಾಯಿಯನ್ನು ದಢೂತಿಯಾಗಿ, ಢಾಳಾದ ಬಣ್ಣದ ಚೌಕುಳಿ ಉಡುಪಿನಲ್ಲಿ ಬಿಡಿಸಲಾಗಿದೆ, ಇದು ಗುಲಾಮಗಿರಿಯ ಕಾಲದ ಮನೆಗೆಲಸದ ಹೆಂಗಸಿನ ಹಳೆಯ ಅಚ್ಚು ಎಂಬ ಧಾಟಿಯಲ್ಲಿ ಟೀಕಿಸಿದರು. ಕೀಟ್ಸ್‌ಗೆ ನೋವಾಯಿತು, ಉತ್ತರವನ್ನೂ ಬರೆದರು. ಕರಿಯರ ಮಹಾಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಈ ಪುಸ್ತಕವನ್ನು ಬಹಳ ಮೆಚ್ಚಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು.

ನನ್ನ ಅಭಿಪ್ರಾಯದಲ್ಲಿ ಲ್ಯಾರಿಕ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಇನ್ನೊಬ್ಬರ ಮಗುವಿನ ಚಿತ್ರ ಬಿಡಿಸುವವನು ಎಷ್ಟೇ ಪ್ರೀತಿಯಿಂದ ಬಿಡಿಸಿದರೂ ಅವನ ಕೈಗೆ ಹಳೆಯ ಅಚ್ಚುಗಳು ತಗಲಿಕೊಂಡಿರುತ್ತವೆ. ಅದನ್ನು ತೋರಿಸಿಕೊಟ್ಟವರ ಮೇಲೆ ಸಿಟ್ಟಾಗಬಾರದು. ಹಾಗೆಂದು ಹೊರಗಿನವರು ಬರೆಯಲೇಬಾರದು ಎಂದರೆ ಆ ಮಕ್ಕಳು ಇನ್ನೆಷ್ಟು ವರ್ಷ ಗುಲಾಬಿ ಬಣ್ಣ ಬಳಿಯುತ್ತಾ ಕುಳಿತಿರಬೇಕಿತ್ತು? ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಬೇರೆ ದಾರಿಯಿಲ್ಲ.

ಈಗ ನಮ್ಮ ಪುಸ್ತಕಗಳಿಗೆ ಬರೋಣ. ನಾನು ಓದಿದ ಪಠ್ಯಪುಸ್ತಕಗಳಲ್ಲಿ ಮುಸ್ಲಿಮ್ ಹುಡುಗ ಇರಲಿಲ್ಲವೆಂದಲ್ಲ, ಇದ್ದ. ಹಬ್ಬಗಳ ಪಾಠದಲ್ಲಿ ಟೊಪ್ಪಿ ಹಾಕಿಕೊಂಡು ಯಾರನ್ನೋ ಅಪ್ಪಿಕೊಳ್ಳುತ್ತಿದ್ದ. ರಾಷ್ಟ್ರೀಯ ಭಾವೈಕ್ಯದ ಚಿತ್ರದಲ್ಲಿ ಪೇಟ ಸುತ್ತಿದವನ ಮತ್ತು ಶಿಲುಬೆ ಧರಿಸಿದವನ ಪಕ್ಕದಲ್ಲಿ ಕೈಹಿಡಿದು ನಿಂತಿದ್ದ. ಆದರೆ ಅವನು ಎಂದೂ ಗಾಳಿಪಟ ಹಾರಿಸಲಿಲ್ಲ, ಮಾವಿನಮರದಿಂದ ಬೀಳಲಿಲ್ಲ, ಲೆಕ್ಕ ತಪ್ಪಿ ಪೆಟ್ಟು ತಿನ್ನಲಿಲ್ಲ. ಅವನ ಅಕ್ಕನಿಗೆ ಬೆಕ್ಕಿನ ಮರಿ ಸಿಗಲಿಲ್ಲ. ಅವನಿಗೆ ಒಂದೇ ಕೆಲಸ, ಮುಸ್ಲಿಮನಾಗಿರುವುದು. ದಲಿತ ಕೇರಿಯ ಮಗುವಿಗೆ, ಕಾಡಿನಂಚಿನ ಹಾಡಿಯ ಮಗುವಿಗೆ ಅಷ್ಟೂ ಸಿಗಲಿಲ್ಲ. ಪೀಟರ್ ಸುಮ್ಮನೆ ಹಿಮದಲ್ಲಿ ಆಡಿದ್ದು ಏಕೆ ದೊಡ್ಡ ವಿಷಯ ಎಂಬುದು ಇದನ್ನು ಅನುಭವಿಸಿದವರಿಗೆ ಬೇಗನೆ ಅರ್ಥವಾಗುತ್ತದೆ.

ಬದಲಾವಣೆ ಆಗಿಲ್ಲ ಎನ್ನಲಾರೆ. ಚೆನ್ನೈಯ ತೂಲಿಕಾ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ತಂದಿತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಕನ್ನಡ ಪುಸ್ತಕಗಳನ್ನು ಮಕ್ಕಳ ಕೈಗಿತ್ತಿತು. 2015ರಿಂದ ಅದರ 'ಸ್ಟೋರಿವೀವರ್' ತಾಣದಲ್ಲಿ ಯಾರು ಬೇಕಾದರೂ ಕಥೆಗಳನ್ನು ಉಚಿತವಾಗಿ ಓದಬಹುದು, ತಮ್ಮ ಭಾಷೆಗೆ ಅನುವಾದಿಸಬಹುದು. ಹೈದರಾಬಾದಿನ ಅನ್ವೇಷಿ ಎಂಬ ಮಹಿಳಾ ಅಧ್ಯಯನ ಸಂಸ್ಥೆ 2008ರಲ್ಲಿ ಹೊರತಂದ ಮಕ್ಕಳ ಕಥೆಗಳ ಮಾಲೆಯಲ್ಲಿ ತೆಲುಗು ಲೇಖಕ ಮುಹಮ್ಮದ್ ಖದೀರ್ ಬಾಬು ಅವರ ಒಂದು ಕಥೆಯಿದೆ. ಅದರ ವಸ್ತು ಮನೆಯಲ್ಲಿ ಮಾಡುವ ತಲೆಮಾಂಸದ ಸಾರು! ಆ ಸಾರಿನ ವಾಸನೆ ಗೊತ್ತಿರುವ ಮಗು ಅಂತಹ ಪುಟ ತೆರೆದಾಗ ಏನನ್ನು ಅನುಭವಿಸುತ್ತದೆ ಎಂಬುದನ್ನು ನಾನು ಊಹಿಸಬಲ್ಲೆ.

ಒಬ್ಬ ಹಿರಿಯ ಮಿತ್ರರಿಗೆ ಇದನ್ನೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. "ಮಗುವಿಗೆ ಬರೀ ಕನ್ನಡಿಯನ್ನೇ ಹಿಡಿಯುತ್ತೀರಾ? ನಾವು ನರಿ ಸಿಂಹಗಳ ಕಥೆ ಕೇಳಿ ಬೆಳೆಯಲಿಲ್ಲವೇ?" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಪಂಚತಂತ್ರದ ನರಿಗಳು ಎಷ್ಟು ದೇಶ ಸುತ್ತಿವೆ! ಆರನೆಯ ಶತಮಾನದಲ್ಲಿ ಪರ್ಷಿಯಕ್ಕೆ ಹೋಗಿ ಪಹ್ಲವಿ ಕಲಿತವು, ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಖಫ್ಫಅ್‌ರ ಕೈಯಲ್ಲಿ 'ಕಲೀಲ ವ ದಿಮ್ನ' ಎಂಬ ಹೆಸರಲ್ಲಿ ಅರಬಿಯಾದವು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಅವನ್ನು ಕನ್ನಡಕ್ಕೆ ಕರೆತಂದ. ಕಥೆ ಎಳೆಯರನ್ನು ಸೆಳೆಯಬೇಕು, ಪ್ರಾಣಿಗಳ ಬಣ್ಣಬಣ್ಣದ ಚಿತ್ರಗಳು ಮನಸ್ಸನ್ನು ರಂಜಿಸಬೇಕು ಎಂಬ ಆಶಯ ಅರಬಿ ಕೃತಿಯ ಪೀಠಿಕೆಯಲ್ಲೇ ಇದೆ. ನರಿಗೆ ನಮ್ಮ ಜಾತಿ ಧರ್ಮಗಳಿಲ್ಲ, ಆದ್ದರಿಂದ ಯಾವ ಮಗುವೂ ಅದರೊಳಗೆ ಹೊಕ್ಕು ಬರಬಹುದು.

ಮುಖವೇ ಬೇಡದ ಪುಸ್ತಕವೂ ಉಂಟು. ಲಿಯೋ ಲಿಯೋನಿ ಎಂಬ ಕಲಾವಿದ ರೈಲಿನಲ್ಲಿ ಗಲಾಟೆ ಮಾಡುತ್ತಿದ್ದ ಮೊಮ್ಮಕ್ಕಳನ್ನು ಸುಮ್ಮನಿರಿಸಲು ಪತ್ರಿಕೆಯ ಪುಟ ಹರಿದು (ಅದೂ 'ಲೈಫ್' ಪತ್ರಿಕೆಯೇ!) ನೀಲಿ ಮತ್ತು ಹಳದಿ ಚೂರುಗಳ ಕಥೆ ಕಟ್ಟಿದರು. 1959ರಲ್ಲಿ ಅದು ಪುಸ್ತಕವಾಯಿತು. ಕಣ್ಣು ಮೂಗಿಲ್ಲದ ಆ ಚೂರುಗಳಲ್ಲಿ ಮಕ್ಕಳು ಅಪ್ಪ, ಅಮ್ಮ, ಗೆಳೆಯ ಎಲ್ಲರನ್ನೂ ಕಂಡರು. ಮನುಷ್ಯರ ಚಿತ್ರ ಬಿಡಿಸುವುದು ಬೇಡ ಎನ್ನುವ ಮನೆಗಳು ನಮ್ಮಲ್ಲಿವೆ. ಅಂತಹ ಮನೆಯ ಮಗುವಿಗೆ ಕಲ್ಪನೆಯ ಬಾಗಿಲು ಮುಚ್ಚಿಹೋಯಿತು ಎಂದು ಮರುಗುವವರು ಈ ಪುಸ್ತಕವನ್ನು ನೋಡಬೇಕು.

ಆದರೆ ಮಿತ್ರರಿಗೆ ನಾನು ಹೇಳಿದ್ದು ಇಷ್ಟು. ಕೆಲವು ಮಕ್ಕಳಿಗೆ ಎಲ್ಲ ಪುಟಗಳಲ್ಲೂ ಕನ್ನಡಿ, ಇನ್ನು ಕೆಲವರಿಗೆ ನರಿ ಮಾತ್ರ ಎಂದಾದರೆ ಅದು ಕಲ್ಪನೆಯ ಸ್ವಾತಂತ್ರ್ಯವಲ್ಲ. ತನ್ನ ಮನೆಯನ್ನು ಕಂಡವನು ಹೊರಗೆ ಅಲೆದಾಡಬಹುದು. ಮನೆಯೇ ಇಲ್ಲವೆಂದು ತಿಳಿದವನು ಅಲೆಯುವುದು ಬೇರೆ.

ಹಾಗೆಂದು ನಾಳೆಯಿಂದ ಮಕ್ಕಳನ್ನು ಕೂರಿಸಿ "ನಿನ್ನದನ್ನೇ ಬಿಡಿಸು" ಎಂದು ಆಜ್ಞೆ ಮಾಡಿದರೆ ಅದು ಇನ್ನೊಂದು ಬಗೆಯ ನಕಲಾಗುತ್ತದೆ. ಆ ಶಿಕ್ಷಕರು ಕಂದು ಬಣ್ಣ ಬಳಸಿ ಎಂದು ಹೇಳಲಿಲ್ಲ, ಮಕ್ಕಳೇ ಎತ್ತಿಕೊಂಡರು. ಕೀಟ್ಸ್ ಪುಸ್ತಕದ ಇನ್ನೊಂದು ಗುಣ ಇಲ್ಲಿ ನೆನಪಾಗುತ್ತದೆ. ಅದರ ಚಿತ್ರಗಳಿಗೆ ಅವರು ಬಳಸಿದ್ದು ಕತ್ತರಿಸಿದ ಬಣ್ಣದ ಕಾಗದ, ಬಟ್ಟೆ ಮತ್ತು ಮೇಜಿನ ಮೇಲೆ ಹಾಸುವ ಮೇಣಬಟ್ಟೆಯ ತುಂಡುಗಳು. ರಬ್ಬರನ್ನು ಕೊರೆದು ಹಿಮದ ಹರಳುಗಳನ್ನು ಒತ್ತಿದರು, ಹಲ್ಲುಜ್ಜುವ ಬ್ರಷ್ಷಿನಿಂದ ಶಾಯಿ ಚಿಮುಕಿಸಿದರು. ಇದು ಮಕ್ಕಳ ಕಣ್ಣಿಗೆ ಬೀಳದೆ ಇರುವುದಿಲ್ಲ. ಇದನ್ನು ನಾನೂ ಮಾಡಬಹುದಲ್ಲ ಎನಿಸುವುದು ಸಣ್ಣ ಸಂಗತಿಯಲ್ಲ. ಕೆಲವು ಚಿತ್ರಗಳು ಎಷ್ಟು ನುಣುಪಾಗಿರುತ್ತವೆಂದರೆ ಅವು ಮಗುವಿನ ಕೈಯಿಂದ ಪೆನ್ಸಿಲನ್ನೇ ಕೆಳಗಿಡಿಸುತ್ತವೆ.

ತಂಗಿಯ ಮಗಳಿಗೆ ನಾನು ಏನನ್ನೂ ಬೋಧಿಸಲಿಲ್ಲ. ಕೈಗೆ ಸಿಕ್ಕ ಏಳೆಂಟು ಚಿತ್ರಪುಸ್ತಕಗಳನ್ನು ಕೊಟ್ಟೆ. ಒಂದೆರಡನ್ನು ಅವಳು ತೆರೆದೂ ನೋಡಲಿಲ್ಲ. ಉಳಿದವು ಚಾಪೆಯ ಮೇಲೆ ಬಿದ್ದಿರುತ್ತಿದ್ದವು, ತಮ್ಮ ಅವುಗಳ ಅಂಚನ್ನು ಕಚ್ಚುತ್ತಿದ್ದ. ಮುಂದಿನ ಮಳೆಗಾಲದಲ್ಲಿ ಅವರ ಮನೆಗೆ ಹೋದಾಗ ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಹಿತ್ತಿಲಲ್ಲಿ ಅಜ್ಜಿ ಮೀನು ಕೊಯ್ಯುತ್ತಾ ಕುಳಿತಿದ್ದಾರೆ. ಎದುರಿಗೆ ಎರಡು ಬೆಕ್ಕು, ಅವು ಅಜ್ಜಿಗಿಂತ ದೊಡ್ಡವು. ಹಿಂದೆ ಕಡಲು, ಅದರೊಳಗೆ ಅರ್ಧ ಮುಳುಗಿದ ಸೂರ್ಯ. ಅಜ್ಜಿಯ ಮುಖಕ್ಕೆ ಗುಲಾಬಿಯೂ ಅಲ್ಲ, ಕಂದೂ ಅಲ್ಲ, ನೇರಳೆ ಬಣ್ಣ ಬಳಿದಿದ್ದಳು. ಏಕೆ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಯವರೆಗೆ ಬಂತು. ಕೇಳಲಿಲ್ಲ. ಮೂಲೆಯಲ್ಲಿ ಅವರ ತಾರಸಿ ಮನೆಯೂ ಇತ್ತು. ಅದರ ಮೇಲೆ ಹೊಗೆಕೊಳವೆ ಮಾತ್ರ ಹಾಗೆಯೇ ಇತ್ತು.