ಎತ್ತಿನ ಹಗ್ಗ ಬಿಚ್ಚುವ ನಾವು



ಹದಿನೆಂಟು ವರ್ಷ ನಡು ಬಗ್ಗಿಕೊಂಡೇ ಬದುಕಿದ್ದ ಮಹಿಳೆಯೊಬ್ಬಳ ವೃತ್ತಾಂತವನ್ನು ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಓದುತ್ತೇವೆ. ಆಕೆ ಏನನ್ನೂ ಬೇಡಲಿಲ್ಲ. ಪ್ರಭು ಯೇಸುವೇ ಆಕೆಯನ್ನು ಕಂಡು, ಹತ್ತಿರ ಕರೆದು, ಕೈಯಿಟ್ಟು ಗುಣಪಡಿಸಿದರು. ಸಬ್ಬತ್ ದಿನ ಹೀಗೆ ಮಾಡಬಹುದೇ ಎಂದು ಪ್ರಾರ್ಥನಾಮಂದಿರದ ಅಧಿಕಾರಿ ಸಿಡುಕಿದಾಗ, ಎತ್ತು ಕತ್ತೆಗಳ ಹಗ್ಗ ಬಿಚ್ಚಿ ನೀರಿಗೆ ಕರೆದೊಯ್ಯಲು ನಿಮಗೆ ಸಬ್ಬತ್ ಅಡ್ಡಿಯಾಗುವುದಿಲ್ಲವಲ್ಲ ಎಂದು ಪ್ರಭು ಅವರನ್ನು ಪ್ರಶ್ನಿಸಿದರು.

ಯಾದಗಿರಿ, ಶಹಾಪುರ, ಸುರಪುರದ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಭಾನುವಾರ ಪೂಜೆಗೆ ಹೊರಡುವ ಮುನ್ನವೂ ದನಗಳಿಗೆ ನೀರು ಕುಡಿಸುತ್ತೇವೆ. ಆದರೆ ಮನೆಯ ಸೊಸೆಯ ಕಾಲು ಇದ್ದಕ್ಕಿದ್ದಂತೆ ಸೋತು, ವೈದ್ಯರ ಪರೀಕ್ಷೆಯಲ್ಲಿ ನರಕ್ಕೆ ಪೆಟ್ಟು ಕಾಣದಿದ್ದರೆ ಏನನ್ನುತ್ತೇವೆ? "ಗಾಳಿ ಬಡದದ" ಎನ್ನುತ್ತೇವೆ, ಇಲ್ಲವೇ "ನಾಟಕ ಮಾಡ್ಲಿಕತ್ತಾಳ" ಎನ್ನುತ್ತೇವೆ. ಎರಡೂ ಮಾತು ಆಕೆಯ ಕಟ್ಟನ್ನು ಇನ್ನಷ್ಟು ಬಿಗಿಯುತ್ತವೆ.

ಇದು ನಿಜವಾದ ಕಾಯಿಲೆ. ವೈದ್ಯರು ಇದನ್ನು ಫಂಕ್ಷನಲ್ ಮೂವ್‌ಮೆಂಟ್ ಡಿಸಾರ್ಡರ್ ಎನ್ನುತ್ತಾರೆ. ನರ, ಸ್ನಾಯುಗಳು ಕೆಟ್ಟಿರುವುದಿಲ್ಲ. ಮೆದುಳು ಅವುಗಳನ್ನು ನಡೆಸುವ ಕ್ರಮ ತಪ್ಪಿರುತ್ತದೆ. 1908ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ ಒಂದು ಪರೀಕ್ಷೆಯನ್ನು ತಿಳಿಸಿದರು. ಮಲಗಿದ ರೋಗಿಗೆ ಸೋತ ಕಾಲನ್ನು ಕೆಳಕ್ಕೆ ಒತ್ತಲು ಹೇಳಿದರೆ ಆಗುವುದಿಲ್ಲ. ಇನ್ನೊಂದು ಕಾಲನ್ನು ಬಲವಾಗಿ ಎತ್ತಲು ಹೇಳಿದಾಗ, ಸೋತ ಕಾಲು ತಾನಾಗಿಯೇ ಒತ್ತುತ್ತದೆ. ಆಕೆ ಸುಳ್ಳು ಹೇಳುತ್ತಿದ್ದಾಳೆಂದು ಇದರ ಅರ್ಥವಲ್ಲ. ಕಾಲಿನಲ್ಲಿ ಶಕ್ತಿ ಉಳಿದಿದೆ, ಗುಣವಾಗಲು ದಾರಿಯಿದೆ ಎಂದರ್ಥ.

ಇಂಥ ರೋಗಿಗಳಲ್ಲಿ ಅನೇಕರಿಗೆ ತಮ್ಮ ಭಾವನೆಗಳನ್ನು ಗುರುತಿಸುವುದೇ ಕಷ್ಟವೆಂದು ಅಧ್ಯಯನಗಳು ತಿಳಿಸುತ್ತವೆ. ಎದೆ ಬಡಿದುಕೊಳ್ಳುವುದು ಗೊತ್ತಾಗುತ್ತದೆ. ಅದು ಭಯವೋ ಕೋಪವೋ ತಿಳಿಯುವುದಿಲ್ಲ. ಹಾಗೆಂದು ಎಲ್ಲರಲ್ಲಿಯೂ ಮನಸ್ಸಿನ ಗಾಯ ಇರಲೇಬೇಕೆಂದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಿಂದ ಆ ಷರತ್ತನ್ನು ತೆಗೆದುಹಾಕಿತು. ಆದ್ದರಿಂದ "ಏನು ಮುಚ್ಚಿಟ್ಟಿದ್ದೀ, ಹೇಳು" ಎಂದು ಪೀಡಿಸುವುದೂ ಸಲ್ಲದು.

ಅಳುವುದು ದೌರ್ಬಲ್ಯ, ಅಂಜುವುದು ಅವಿಶ್ವಾಸ ಎಂದು ಎಷ್ಟೋ ಮನೆಗಳಲ್ಲಿ ಕಲಿಸುತ್ತೇವೆ. ಪ್ರಭುವಾದರೋ ಲಾಜರನ ಸಮಾಧಿಯ ಬಳಿ ಅತ್ತರು. ಗೆತ್ಸೆಮನೆಯಲ್ಲಿ ತಮ್ಮ ದುಃಖವನ್ನು ಶಿಷ್ಯರ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ದೇವಪುತ್ರರೇ ಹೇಳಿಕೊಂಡಿರುವಾಗ, ಗಂಡ ಗುಳೆ ಹೋದ ಮನೆಯಲ್ಲಿ ಸಾಲ, ಮಕ್ಕಳು, ಹೊಲ ಎಲ್ಲವನ್ನೂ ಹೊತ್ತ ಹೆಣ್ಣುಮಗಳು ಹೇಳಿಕೊಳ್ಳಬಾರದೇ?

ಕೈಕಾಲು ಹಠಾತ್ತನೆ ಸೋತರೆ ಅದು ಲಕ್ವವೂ ಆಗಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನರರೋಗ ತಜ್ಞರು ಈ ಕಾಯಿಲೆಯೆಂದು ಗುರುತಿಸಿದರೆ ಫಿಸಿಯೋಥೆರಪಿ, ಆಪ್ತಸಮಾಲೋಚನೆಗಳಿಂದ ಅನೇಕರಿಗೆ ಸಹಾಯವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ಮನೋರೋಗ ಎರಡೂ ವಿಭಾಗಗಳಿವೆ. ಮನಸ್ಸಿನ ಸಂಕಟ ಹೇಳಿಕೊಳ್ಳಲು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಪ್ರಾರ್ಥನೆಯನ್ನು ಬಿಡಬೇಡಿ, ಚಿಕಿತ್ಸೆಯನ್ನೂ ಬಿಡಬೇಡಿ. ಗುಣವಾಗಲು ತಡವಾದರೆ "ನಿನ್ನ ವಿಶ್ವಾಸ ಸಾಲದು" ಎಂದು ಮಾತ್ರ ಹೇಳಬೇಡಿ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಹಾಗೆಯೇ ಕೂತಿರಿ. "ಇವತ್ತು ಮನಸ್ಸಿಗೆ ಹ್ಯಾಂಗ ಅನಸ್ತು?" ಎಂದು ಒಬ್ಬರನ್ನೊಬ್ಬರು ಕೇಳಿರಿ. ಉತ್ತರ ಬಂದಾಗ ಬುದ್ಧಿ ಹೇಳದೆ ಆಲಿಸಿರಿ. ಬಗ್ಗಿದ್ದ ಆ ಮಹಿಳೆಯನ್ನು ಪ್ರಭು ಅಬ್ರಹಾಮನ ಮಗಳೆಂದು ಎಲ್ಲರ ಮುಂದೆ ಗೌರವಿಸಿದರು. ನಮ್ಮ ಮನೆಯ ಸೊಸೆಯೂ ಅದೇ ದೇವರ ಮಗಳು. ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚುವ ಕೈಗಳು ಮನೆಯೊಳಗೂ ಕಟ್ಟು ಬಿಚ್ಚುವಂತಾಗಲಿ. ಆಮೆನ್.