ಯುದ್ಧವನ್ನು ಕಂಡು ನಗಬಹುದೆ?

ನಗೆಗೆ ಎಲ್ಲಿಯೂ ಅಡ್ಡಿಯಿಲ್ಲವೆಂದು ಕೆಲವರೂ, ನೆತ್ತರು ಹರಿದ ಸ್ಥಳದಲ್ಲಿ ನಗುವದು ಅಮಾನುಷವೆಂದು ಕೆಲವರೂ ವಾದಿಸುವದುಂಟು. ನಾನು ಬಹುದಿನ ಎರಡನೆಯ ಪಕ್ಷದವನಾಗಿದ್ದೆನು. ಎರಡು ಹಳೆಯ ಇಂಗ್ಲಿಷ್ ವಾಕ್ಚಿತ್ರಗಳು ನನ್ನ ಮತವನ್ನು ಅಲುಗಿಸಿದವು. ಪೂರ್ತಿ ಕೆಡವಿದವೆಂದು ಮಾತ್ರ ಹೇಳಲಾರೆನು.

ಮೊದಲನೆಯದು ೧೯೩೩ರಲ್ಲಿ ಮಾರ್ಕ್ಸ್ ಸಹೋದರರು ಅಭಿನಯಿಸಿದ ‘ಡಕ್ ಸೂಪ್’. ಅದರಲ್ಲಿ ಫ್ರೀಡೋನಿಯಾ, ಸಿಲ್ವೇನಿಯಾ ಎಂಬ ಎರಡು ನೆರೆರಾಜ್ಯಗಳಿವೆ. ಭೂಪಟದಲ್ಲಿ ಹುಡುಕಿದರೆ ಸಿಕ್ಕುವವಲ್ಲ. ಯುದ್ಧವನ್ನು ತಪ್ಪಿಸಬೇಕೆಂದು ನೆರೆಯ ರಾಯಭಾರಿಯು ಮಾತಿಗೆ ಬರಲಿರುವನು. ಫ್ರೀಡೋನಿಯಾದ ಅಧಿಪತಿಯೂ ಸ್ನೇಹದಿಂದ ಕೈ ನೀಡಲು ಸಿದ್ಧನಾಗಿಯೇ ಇರುವನು. ಅಷ್ಟರಲ್ಲಿ ಅವನಿಗೊಂದು ಶಂಕೆ ಹುಟ್ಟುತ್ತದೆ: ತಾನು ನೀಡಿದ ಕೈಯನ್ನು ಆತನು ಹಿಡಿಯದೆ ಹೋದರೆ ತನ್ನ ಮಾನದ ಗತಿಯೇನು? ಆಗದ ಅವಮಾನವನ್ನು ಮನಸ್ಸಿನಲ್ಲಿಯೇ ಬೆಳೆಯಿಸುತ್ತ ಬೆಳೆಯಿಸುತ್ತ, ರಾಯಭಾರಿಯು ಒಳಗೆ ಬಂದು ನಿಲ್ಲುವಷ್ಟರಲ್ಲಿ ಅವನ ಕೆನ್ನೆಗೆ ಬಾರಿಸಿಯೇಬಿಡುವನು. ಯುದ್ಧವು ಹೂಡಿತು! ಕಾಳಗದಲ್ಲಿ ಈ ಮಹಾರಾಯನು ಮೇಲಿಂದ ಮೇಲೆ ಸಮವಸ್ತ್ರವನ್ನು ಬದಲಿಸುವನು. ತನ್ನ ಸೈನಿಕರ ಮೇಲೆಯೇ ಗುಂಡು ಹಾರಿಸಿ, ಅದನ್ನು ಎತ್ತಿ ತೋರಿಸಿದವನ ಬಾಯಿ ಮುಚ್ಚಲು ಹಣ ಕೊಡುವನು.

ಎರಡನೆಯದು ಚಾಪ್ಲಿನ್ನನ ‘ದಿ ಗ್ರೇಟ್ ಡಿಕ್ಟೇಟರ್’, ೧೯೪೦ರದು. ಟೊಮೇನಿಯಾದ ಹಿಂಕೆಲ್, ಬ್ಯಾಕ್ಟೀರಿಯಾದ ನ್ಯಾಪಲೋನಿ ಎಂಬಿಬ್ಬರು ಸರ್ವಾಧಿಕಾರಿಗಳು ನಡುವಣ ಆಸ್ಟರ್ಲಿಚ್ ಎಂಬ ಬಡದೇಶಕ್ಕಾಗಿ ಹೊಡೆದಾಡುವರು. ಇಬ್ಬರೂ ಕ್ಷೌರದ ಕುರ್ಚಿಗಳಲ್ಲಿ ಕುಳಿತು, ಮತ್ತೊಬ್ಬನಿಗಿಂತ ತಾನು ಮೇಲಿರಬೇಕೆಂದು ಕುರ್ಚಿಯನ್ನು ಏರಿಸುತ್ತಲೇ ಹೋಗುವ ದೃಶ್ಯವನ್ನು ನೋಡಿದವರು ಮರೆಯಲಾರರು. ಸೈನ್ಯ ಹಿಂದೆಗೆಯುವದು ಮೊದಲೋ, ಸಹಿ ಮಾಡುವದು ಮೊದಲೋ ಎಂಬ ಜಗಳದ ನಡುವೆ ಸಾಸಿವೆಯ ಖಾರವು ಗಂಟಲಿಗೇರಿ ಇಬ್ಬರ ವಾಗ್ವೈಖರಿಯೂ ಒಮ್ಮೆಲೆ ನಿಂತುಹೋಗುತ್ತದೆ.

ಇದೆಲ್ಲ ವಿದೂಷಕರ ಅತಿಶಯೋಕ್ತಿಯೆಂದು ತಳ್ಳಿಹಾಕುವವರು ದೂರ ಹೋಗಬೇಕಾದುದಿಲ್ಲ. ನಮ್ಮ ನರಗುಂದ, ಗಜೇಂದ್ರಗಡಗಳ ಚರಿತ್ರೆಯನ್ನು ತೆರೆದರೆ ಸಾಕು. ಹೈದರನ ಕಾಲಕ್ಕಿಂತ ಹೆಚ್ಚಿನ ಪೊಗದಿಯನ್ನು ಟೀಪು ಸುಲ್ತಾನನು ನರಗುಂದದ ವೆಂಕಟರಾವ್ ಭಾವೆಯಿಂದ ಕೇಳಿದನು. ಭಾವೆಯು ಪುಣೆಯನ್ನು ನಂಬಿ ನಿರಾಕರಿಸಿದನು. ೧೭೮೫ರಲ್ಲಿ ಮುತ್ತಿಗೆ ಬಿದ್ದು ಕೋಟೆಯು ಸೋತಿತು. ಭಾವೆಯು ಕಬ್ಬಾಳದುರ್ಗದ ಸೆರೆಗೆ ಹೋದನು. ಮರುವರ್ಷ ಮರಾಠರೂ ನಿಜಾಮನೂ ಕೂಡಿ ದಂಡೆತ್ತಿ ಬಂದು ಬಾದಾಮಿ, ಗಜೇಂದ್ರಗಡಗಳನ್ನು ಹಿಡಿದರು. ೧೭೮೭ರ ಎಪ್ರಿಲಿನಲ್ಲಿ ಗಜೇಂದ್ರಗಡದ ಒಪ್ಪಂದವಾಯಿತು. ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರಿಗೆ, ಆದವಾನಿಯು ನಿಜಾಮನಿಗೆ; ಹಿಂದಿನ ಬಾಕಿಗೆಂದು ಟೀಪು ಕೊಡತಕ್ಕದ್ದು ೪೮ ಲಕ್ಷ ರೂಪಾಯಿ. ಅದಕ್ಕೆ ಪ್ರತಿಯಾಗಿ ಮರಾಠರು ಅವನನ್ನು ‘ನಬಾಬ ಟೀಪು ಸುಲ್ತಾನ’ನೆಂದು ಸಂಬೋಧಿಸತಕ್ಕದ್ದು! ಕುರ್ಚಿಯನ್ನು ಏರಿಸುವ ದೃಶ್ಯವನ್ನು ಚಾಪ್ಲಿನ್ನನು ಹೊಸದಾಗಿ ಕಲ್ಪಿಸಿದನೆಂದು ನನಗೆ ಈಗ ಅನಿಸುವದಿಲ್ಲ. ಒಪ್ಪಂದವು ಮೂರು ವರ್ಷ ಬಾಳಿತು. ೧೭೯೦ರಲ್ಲಿ ಅದೇ ಮರಾಠರು ಇಂಗ್ಲಿಷರೊಡನೆ ಕೂಡಿ ಅದೇ ಟೀಪುವಿನ ಮೇಲೆ ತಿರುಗಿ ಬಂದರು.

ಹೀಗಿರಲು ನಗುವವನ ತಪ್ಪೇನು? ನಮ್ಮ ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಗಳೊಡನೆ ಅಬ್ಬರಿಸುತ್ತ ಬರುವ ರಾಜನನ್ನು ಸಾರಥಿಯು ತಡೆದು, ನೀನಾರು, ನಿನ್ನ ಊರಾವದು ಎಂದು ಕೇಳುವದಿಲ್ಲವೆ? ಆ ಪ್ರಶ್ನೆಯಲ್ಲಿಯೇ ಅರ್ಧ ಗರ್ವವು ಇಳಿಯುತ್ತದೆ. ಮಾರ್ಕ್ಸ್ ಸಹೋದರರು ಮಾಡಿದುದೂ ಸಾರಥಿಯ ಕೆಲಸವೇ. ಕಲಹದ ಕಾರಣವು ಅಲ್ಪವಾಗಿರುವಲ್ಲಿ ಅದನ್ನು ಅಲ್ಪವೆಂದು ತೋರಿಸುವದು ಸತ್ಯಕ್ಕೆ ಸಲ್ಲಿಸುವ ಸೇವೆ. ಗಂಭೀರವಾದ ಚರಿತ್ರಕಾರನು ಆ ಕಾರಣಕ್ಕೆ ‘ರಾಜಕೀಯ ಅನಿವಾರ್ಯತೆ’ಯೆಂಬ ಜರಿರುಮಾಲನ್ನು ಸುತ್ತುವನು, ಅವನಿಗಿಂತ ವಿದೂಷಕನೇ ಪ್ರಾಮಾಣಿಕನು.

ಆದರೆ ಕಾರಣವು ಅಲ್ಪವಾದರೆ ಪರಿಣಾಮವೂ ಅಲ್ಪವಾಗುವದೆ? ನನ್ನ ತೊಡಕು ಇಲ್ಲಿದೆ. ೪೮ ಲಕ್ಷವು ಟೀಪುವಿನ ಉಡಿಯಿಂದ ಉದುರಿದುದಲ್ಲ. ಎರೆಹೊಲದ ಒಕ್ಕಲಿಗನ ಜೋಳದ ರಾಶಿಯಿಂದ ಬಂದುದು. ಅವನು ಒಪ್ಪಂದದ ಕಾಗದದಲ್ಲಿಲ್ಲ. ‘ಡಕ್ ಸೂಪ್’ನಲ್ಲಿಯೂ ಇಲ್ಲ, ಅಲ್ಲಿ ಗುಂಡು ತಾಗಿದವರ ನೋವು ನಮ್ಮ ಕಣ್ಣಿಗೆ ಬೀಳದಂತೆ ಚಿತ್ರವು ಓಡುತ್ತದೆ, ಓಡದಿದ್ದರೆ ನಾವು ನಗಲಾರೆವು. ಚಾಪ್ಲಿನ್ನನು ಅವನನ್ನು ಕ್ಷೌರಿಕನ ರೂಪದಲ್ಲಿ ನಡುವೆ ತಂದು ನಿಲ್ಲಿಸಿದನು; ಅದೇ ಅವನ ಹಿರಿಮೆ. ಅಂಥವನೂ ೧೯೬೪ರ ಆತ್ಮಕಥೆಯಲ್ಲಿ, ಜರ್ಮನಿಯ ಸೆರೆಶಿಬಿರಗಳ ಘೋರವು ಮೊದಲೇ ತಿಳಿದಿದ್ದರೆ ಆ ಚಿತ್ರವನ್ನು ಮಾಡಲಾಗುತ್ತಿರಲಿಲ್ಲವೆಂದು ಒಪ್ಪಿಕೊಂಡನು. ತನ್ನ ನಗೆಯ ಲೆಕ್ಕವನ್ನು ಹೀಗೆ ತಾನೇ ಒಪ್ಪಿಸುವ ಹಾಸ್ಯಗಾರರು ವಿರಳ.

ಈ ಚಿತ್ರವನ್ನು ನಾನು ಕೊನೆಯ ಸಲ ನೋಡಿದ್ದು ಗಜೇಂದ್ರಗಡದ ಹಿರಿಯರೊಬ್ಬರ ಮಗ್ಗುಲಲ್ಲಿ ಕುಳಿತು. ಅವರು ಹುಟ್ಟಿದ್ದು ಯಲಬುರ್ಗಾ ಸೀಮೆಯಲ್ಲಿ. ೧೯೪೮ರ ವರೆಗೆ ಗಜೇಂದ್ರಗಡವು ಮುಂಬಯಿ ಪ್ರಾಂತ, ಯಲಬುರ್ಗಾ ಕುಷ್ಟಗಿಗಳು ನಿಜಾಮನ ರಾಜ್ಯ. ಒಂದೇ ಮಾತು, ಒಂದೇ ಬೆಳೆ, ನಡುವೆ ಗಡಿ. ರಜಾಕಾರರ ಹಾವಳಿಗೆ ಅಂಜಿ ಗಡಿ ದಾಟಿ ಬಂದ ಕುಟುಂಬಗಳಲ್ಲಿ ಅವರದೂ ಒಂದು. ಆಗ ಅವರು ಹತ್ತು ವರ್ಷದ ಹುಡುಗ. ಕುರ್ಚಿಯ ದೃಶ್ಯದಲ್ಲಿ ಅವರಷ್ಟು ನಕ್ಕವರು ಆ ಕೋಣೆಯಲ್ಲಿ ಮತ್ತೊಬ್ಬರಿರಲಿಲ್ಲ, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕ್ಷೌರಿಕನ ಅಂಗಡಿಗೆ ಬೆಂಕಿ ಬಿದ್ದಾಗ ಮಾತ್ರ ಸುಮ್ಮನಾದರು. ಚಿತ್ರ ಮುಗಿದು ದೀಪ ಹತ್ತಿದ ಮೇಲೆ, ಸರ್ವಾಧಿಕಾರಿಗಳು ಏನಾದರೆಂದು ಅವರು ಕೇಳಲಿಲ್ಲ. ಆ ಅಂಗಡಿಯನ್ನು ಮರಳಿ ಕಟ್ಟಿದರೇ ಎಂದು ಕೇಳಿದರು. ಚಿತ್ರದಲ್ಲಿ ಅದು ಬರುವದಿಲ್ಲವೆಂದು ಹೇಳಿದೆನು.